ಜಿಪಿಎಸ್ ಇಷ್ಟು ಸುಲಭವಾಗಿ ಯಾಕೆ ಸೋಲುತ್ತದೆ?

ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಕೆಲವು ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಎಸ್ಟೋನಿಯಾದಲ್ಲಿ ಟಾರ್ಟು ಅಂತ ಒಂದು ಊರಿದೆ. ರಷ್ಯಾದ ಗಡಿಗೆ ಹತ್ತಿರ. ವಿಮಾನ ನಿಲ್ದಾಣ ಚಿಕ್ಕದು. 2024ರ ಏಪ್ರಿಲ್ 25 ಮತ್ತು 26ರಂದು, ಎರಡು ದಿನ ಸಾಲಾಗಿ, ಹೆಲ್ಸಿಂಕಿಯಿಂದ ಹೊರಟ ಫಿನ್‌ಏರ್ ವಿಮಾನ ಆ ಊರಿನ ಹತ್ತಿರದವರೆಗೆ ಹೋಗಿ, ಇಳಿಯಲಾಗದೆ ಹೆಲ್ಸಿಂಕಿಗೇ ವಾಪಸ್ ಬಂತು. ಪೈಲಟ್‌ಗಳು ರನ್‌ವೇಗೆ ದಾರಿ ಹಿಡಿಯಬೇಕಿದ್ದದ್ದು ಜಿಪಿಎಸ್ ನಂಬಿಕೊಂಡು. ಆ ಹೊತ್ತಿಗೆ ಅಲ್ಲಿ ಜಿಪಿಎಸ್ ಇರಲಿಲ್ಲ. ಯಾರೋ ಜ್ಯಾಮ್ ಮಾಡಿದ್ದರು, ಅಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಜೋರು ಸದ್ದು ಕಳಿಸಿ ಸಿಗ್ನಲ್ ಕೇಳಿಸದಂತೆ ಮಾಡಿದ್ದರು. ಎಸ್ಟೋನಿಯಾ ಸರ್ಕಾರ ಬೆರಳು ತೋರಿಸಿದ್ದು ರಷ್ಯಾದ ಕಡೆಗೆ. ಕೊನೆಗೆ ಫಿನ್‌ಏರ್ ಏಪ್ರಿಲ್ 29ರಿಂದ ಮೇ 31ರವರೆಗೆ ಆ ಊರಿಗೆ ಹಾರಾಟವನ್ನೇ ನಿಲ್ಲಿಸಿತು. ಜಿಪಿಎಸ್ ಬೇಡದ ಇನ್ನೊಂದು ದಾರಿಯನ್ನು ಅಲ್ಲಿ ಸಿದ್ಧ ಮಾಡುವುದಕ್ಕೆ ಅಷ್ಟು ಸಮಯ ಬೇಕಾಯಿತು.

ಈ ಸುದ್ದಿ ಕೇಳಿದವರು ಸಾಮಾನ್ಯವಾಗಿ ಅಂದುಕೊಳ್ಳುವುದು, ಜ್ಯಾಮರ್ ಅಂದರೆ ಏನೋ ಭಯಂಕರ ಶಕ್ತಿಯ ಯಂತ್ರ ಇರಬೇಕು ಅಂತ. ಸೈನ್ಯದ ಹತ್ತಿರ ಅಂಥವೂ ಇವೆ, ನಿಜ. ಆದರೆ ಜಿಪಿಎಸ್ ಕೆಡಿಸೋದಕ್ಕೆ ಅಷ್ಟೆಲ್ಲ ಬೇಕಿಲ್ಲ. ನಾನು ಇವತ್ತು ಹೇಳಬೇಕಾಗಿರುವುದೇ ಇಷ್ಟು: ಜ್ಯಾಮರ್ ಜೋರು ಅನ್ನುವುದಕ್ಕಿಂತ, ಜಿಪಿಎಸ್ ಸಿಗ್ನಲ್ಲೇ ಬಡಪಾಯಿ. ಎಷ್ಟು ಬಡಪಾಯಿ ಅಂತ ಲೆಕ್ಕ ಹಾಕಿ ನೋಡೋಣ.

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಕೆಲವೇ ಹತ್ತು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತವೆ. ಅದನ್ನು ಒಂದು ಊರಿಗೋ ಒಂದು ದೇಶಕ್ಕೋ ಕಳಿಸುವುದಲ್ಲ, ಕಣ್ಣಿಗೆ ಕಾಣುವ ಭೂಮಿಯ ಅಷ್ಟೂ ಭಾಗಕ್ಕೆ ಹರಡಬೇಕು. ನಿಮ್ಮ ಫೋನಿಗೆ ಬಂದು ಮುಟ್ಟುವ ಪಾಲು ಎಷ್ಟು ಗೊತ್ತಾ? ಒಂದು ವ್ಯಾಟನ್ನು ನೂರು ಕೋಟಿ ಚೂರು ಮಾಡಿ. ಅದರಲ್ಲಿ ಒಂದು ಚೂರನ್ನು ಎತ್ತಿಕೊಂಡು ಮತ್ತೆ ಒಂದು ಕೋಟಿ ಚೂರು ಮಾಡಿ. ಅಂಥ ಚೂರು ಒಂದೂವರೆ ಇದ್ದರೆ ಹೆಚ್ಚು. ಇಂಜಿನಿಯರಿಂಗ್ ಓದುವವರಿಗೆ ಹೇಳುವುದಾದರೆ, ಮೈನಸ್ 128.5 ಡಿಬಿಎಂ. ಇಷ್ಟು ಶಕ್ತಿ ತಲುಪಿಸುತ್ತೇವೆ ಅಂತ ಜಿಪಿಎಸ್‌ನವರು ಕೊಡುವ ಭರವಸೆಯೇ ಇದು.

ಇನ್ನೊಂದು ಕಡೆ, ಯಾವುದೇ ರಿಸೀವರ್‌ನ ಒಳಗೆ ಸುಮ್ನೆ ಇದ್ದರೂ ಒಂದು ಸದ್ದು ಇರುತ್ತದೆ. ಬಿಸಿಯಿಂದ ಎಲೆಕ್ಟ್ರಾನುಗಳು ಅಲುಗಾಡುವುದರಿಂದ ಬರುವ ನಾಯ್ಸ್ ಅದು. ಇದನ್ನು ಪೂರ್ತಿ ತೆಗೆಯುವುದಕ್ಕೆ ಆಗುವುದಿಲ್ಲ. ಜಿಪಿಎಸ್ ಸಿಗ್ನಲ್ ಹರಡಿಕೊಂಡಿರುವ 2 ಮೆಗಾಹರ್ಟ್ಸ್ ಜಾಗದಲ್ಲಿ ಈ ನಾಯ್ಸ್ ಲೆಕ್ಕ ಹಾಕಿದರೆ, ಅದು ಸಿಗ್ನಲ್‌ಗಿಂತ ಹತ್ತಿರ ಹತ್ತಿರ 50 ಪಟ್ಟು ಜಾಸ್ತಿ. ಅಂದರೆ ಯಾರೂ ಜ್ಯಾಮ್ ಮಾಡದೆ ಎಲ್ಲ ಸರಿ ಇದ್ದಾಗಲೂ ಜಿಪಿಎಸ್ ಸಿಗ್ನಲ್ ನಾಯ್ಸ್‌ನ ಕೆಳಗೆ ಹೂತುಹೋಗಿರುತ್ತದೆ. ಮಾಮೂಲಿ ರೇಡಿಯೋ ಹಿಡಿಯುವ ಹಾಗೆ ಹಿಡಿಯುತ್ತೇನೆ ಅಂದರೆ ಏನೂ ಕೇಳಿಸುವುದಿಲ್ಲ.

ಹಾಗಾದರೆ ನಮ್ಮ ಫೋನ್ ಹೇಗೆ ಕೇಳಿಸಿಕೊಳ್ಳುತ್ತದೆ?

ಮದುವೆ ಛತ್ರ ನೆನಪಿಸಿಕೊಳ್ಳಿ. ಐನೂರು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಆ ಗದ್ದಲದಲ್ಲಿ ಆಚೆ ಮೂಲೆಯಲ್ಲಿ ಯಾರೋ ನಿಮ್ಮ ಹೆಸರು ಹೇಳಿದರೆ ನಿಮ್ಮ ಕಿವಿಗೆ ತಟ್ಟನೆ ಬೀಳುತ್ತದೆ. ಯಾಕೆಂದರೆ ಆ ಶಬ್ದ ಹೇಗಿರುತ್ತೆ ಅಂತ ನಿಮಗೆ ಮೊದಲೇ ಗೊತ್ತು. ಜಿಪಿಎಸ್ ರಿಸೀವರ್ ಮಾಡುವುದೂ ಇದನ್ನೇ. ಪ್ರತಿ ಉಪಗ್ರಹಕ್ಕೂ 1023 ಚಿಪ್‌ಗಳ, ಅಂದರೆ 1023 ಗುರುತುಗಳ ಒಂದು ಕೋಡ್ ಇದೆ. ಪ್ಲಸ್, ಮೈನಸ್, ಮೈನಸ್, ಪ್ಲಸ್ ಅನ್ನುವ ಒಂದು ಸಾಲು. ಒಂದು ಮಿಲಿಸೆಕೆಂಡಿಗೆ ಒಂದು ಸಲದಂತೆ ಅದು ಮತ್ತೆ ಮತ್ತೆ ಬರುತ್ತಿರುತ್ತದೆ. ರಿಸೀವರ್‌ಗೆ ಆ ಸಾಲು ಬಾಯಿಪಾಠ. ಆಂಟೆನಾದಿಂದ ಬಂದ ಗದ್ದಲದ ಮೇಲೆ ತನ್ನ ಹತ್ತಿರ ಇರುವ ಸಾಲನ್ನು ಇಟ್ಟು, ಸ್ವಲ್ಪ ಸ್ವಲ್ಪವೇ ಜರುಗಿಸುತ್ತಾ, ಗುಣಿಸಿ ಕೂಡುತ್ತಾ ಹೋಗುತ್ತದೆ. ಎರಡೂ ಸರಿಯಾಗಿ ಕೂತ ಕ್ಷಣದಲ್ಲಿ ಸಿಗ್ನಲ್‌ನ ಚೂರುಗಳೆಲ್ಲ ಒಂದೇ ಕಡೆಗೆ ಸೇರಿ ದೊಡ್ಡದಾಗುತ್ತವೆ. ನಾಯ್ಸ್‌ಗೆ ಹಾಗೆ ಸಾಲುಗೂಡುವ ಗುಣ ಇಲ್ಲ, ಅಲ್ಲಲ್ಲೇ ಕಳೆದುಹೋಗುತ್ತದೆ. ಒಂದು ಮಿಲಿಸೆಕೆಂಡು ಕೂಡಿದರೆ ಸಾವಿರ ಪಟ್ಟು ಲಾಭ. ಇಪ್ಪತ್ತು ಮಿಲಿಸೆಕೆಂಡು ಕೂಡಿದರೆ ಇಪ್ಪತ್ತು ಸಾವಿರ ಪಟ್ಟು. ನನ್ನ ಪ್ರಕಾರ ಇಪ್ಪತ್ತನೇ ಶತಮಾನದ ಇಂಜಿನಿಯರಿಂಗ್‌ನಲ್ಲಿ ಇಷ್ಟು ಚಂದದ ಕೆಲಸ ಕಡಿಮೆ.

ಈಗ ಅದೇ ಛತ್ರದಲ್ಲಿ ಮುಹೂರ್ತ ಬಂತು ಅಂದುಕೊಳ್ಳಿ. ಪುರೋಹಿತರು ಕೈ ಎತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಅಂತಾರೆ. ವಾಲಗದವರು ಒಂದೇ ಸಮ ಬಾರಿಸುತ್ತಾರೆ. ಯಾಕೆ? ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ, ಅಪಶಬ್ದ ಆಡಿದರೂ ಕೇಳಿಸಬಾರದು ಅಂತ. ನಮ್ಮ ಹಿರಿಯರಿಗೆ ಜ್ಯಾಮಿಂಗ್ ಚೆನ್ನಾಗಿಯೇ ಗೊತ್ತಿತ್ತು! (ಸಭೆಯಲ್ಲಿ ನಗು.) ವಾಲಗದವರು ಯಾರ ಮಾತನ್ನೂ ತಡೆಯುವುದಿಲ್ಲ, ಗಮನಿಸಿ. ಮಾತಾಡುವವರು ಮಾತಾಡುತ್ತಲೇ ಇರುತ್ತಾರೆ. ಕಿವಿಗೆ ಮಾತ್ರ ಕೇಳುವುದಿಲ್ಲ. ಜ್ಯಾಮಿಂಗ್‌ನಲ್ಲೂ ಉಪಗ್ರಹಕ್ಕೆ ಏನೂ ಆಗಿರುವುದಿಲ್ಲ. ಏಟು ಬೀಳುವುದೆಲ್ಲ ರಿಸೀವರ್‌ಗೇ.

ಏಟು ಎಷ್ಟು ಜೋರು ಅನ್ನುವುದಕ್ಕೆ ಒಂದು ಲೆಕ್ಕ. ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಜ್ಯಾಮರ್‌ಗಳನ್ನು ವಿದೇಶಗಳಲ್ಲಿ ಕಳ್ಳದಾರಿಯಲ್ಲಿ ಮಾರುತ್ತಾರೆ. ಅಂಥದ್ದೊಂದು 10 ಮಿಲಿವ್ಯಾಟ್ ಮಾತ್ರ ಹೊರಗೆ ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಮನೆಯ ವೈಫೈ ರೌಟರ್ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಬಿಡುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ, 100 ಮೀಟರ್ ಆಚೆಗೆ ನಿಂತ ರಿಸೀವರ್‌ಗೆ ಈ ಜ್ಯಾಮರ್, ಉಪಗ್ರಹಕ್ಕಿಂತ 16 ಲಕ್ಷ ಪಟ್ಟು ಜೋರಾಗಿ ಕೇಳುತ್ತದೆ. ಒಂದು ವ್ಯಾಟ್‌ನ ಜ್ಯಾಮರ್ ಆದರೆ 10 ಕಿಲೋಮೀಟರ್ ದೂರಕ್ಕೂ 16 ಸಾವಿರ ಪಟ್ಟು. ಉಪಗ್ರಹ 20 ಸಾವಿರ ಕಿಲೋಮೀಟರ್ ದೂರ, ಜ್ಯಾಮರ್ ಪಕ್ಕದಲ್ಲೇ. ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ ಅಂತ ಹೈಸ್ಕೂಲಿನಲ್ಲಿ ಓದಿದ್ದೀವಲ್ಲ, ಆ ನಿಯಮ ಇಲ್ಲಿ ಪೂರ್ತಿ ಜ್ಯಾಮರ್ ಕಡೆಗಿದೆ.

ನೆಲದ ಮೇಲೆ ನಮಗೆ ಕಟ್ಟಡ, ಗುಡ್ಡಗಳ ರಕ್ಷಣೆ ಇದೆ. ವಿಮಾನಕ್ಕೆ ಅದೂ ಇಲ್ಲ. 10 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಸುತ್ತ 400 ಕಿಲೋಮೀಟರ್‌ವರೆಗಿನ ನೆಲ ನೇರವಾಗಿ 'ಕಾಣುತ್ತದೆ'. ಅಷ್ಟರೊಳಗೆ ಎಲ್ಲಿ ದೊಡ್ಡ ಜ್ಯಾಮರ್ ಇದ್ದರೂ ಅದಕ್ಕೆ ತಾಗುತ್ತದೆ. ವಿಮಾನದವರು ಮೊದಲು ದೂರು ಕೊಡುವುದು ಇದಕ್ಕೇ.

ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದರು: "ಸರ್, ಕೋಡ್ ಗೊತ್ತಿರೋದರಿಂದ ನಾಯ್ಸ್ ತೆಗೀಬಹುದು ಅಂದ್ರಿ. ಹಾಗೇ ಜ್ಯಾಮರ್ ಸದ್ದನ್ನೂ ತೆಗೆಯೋಕೆ ಆಗಲ್ವಾ?"

ಒಳ್ಳೆಯ ಪ್ರಶ್ನೆ. ಒಂದು ಮಟ್ಟದವರೆಗೆ ಆಗುತ್ತದೆ. ಆ ಸಾವಿರ, ಇಪ್ಪತ್ತು ಸಾವಿರ ಪಟ್ಟಿನ ಲಾಭ ಇದೆಯಲ್ಲ, ಅದರಲ್ಲಿ ಒಂದು ಭಾಗ ಮಾಮೂಲಿ ನಾಯ್ಸ್ ದಾಟುವುದಕ್ಕೇ ಖರ್ಚಾಗಿರುತ್ತದೆ. ಉಳಿದ ಸ್ವಲ್ಪದಲ್ಲಿ ಜ್ಯಾಮರ್ ತಡೆಯಬೇಕು. ಈಗಾಗಲೇ ಹಿಡಿದುಕೊಂಡಿರುವ ಉಪಗ್ರಹವನ್ನು ರಿಸೀವರ್ ಒಂದಷ್ಟು ಹೊತ್ತು ಬಿಡದೆ ಹಿಡಿದುಕೊಂಡೀತು. ಹೊಸದಾಗಿ ಹುಡುಕಬೇಕು ಅಂದರೆ ಬಹಳ ಬೇಗ ಕೈಚೆಲ್ಲುತ್ತದೆ. ಹಾಗಾಗಿ ಜ್ಯಾಮಿಂಗ್ ಇರುವ ಕಡೆ 'ಒಂದ್ಸಲ ಆಫ್ ಮಾಡಿ ಆನ್ ಮಾಡೋಣ' ಅಂತ ಹೋದರೆ ಇದ್ದದ್ದೂ ಹೋಗುತ್ತದೆ.

ಆದರೆ ನಿಜವಾದ ತೊಂದರೆ ಆಗುವುದು ಈ ಲೆಕ್ಕಾಚಾರಕ್ಕೂ ಮುಂಚೆ, ರಿಸೀವರ್‌ನ ಬಾಗಿಲಲ್ಲಿ. ಆಂಟೆನಾದಿಂದ ಬಂದದ್ದನ್ನು ಮೊದಲು ಒಂದು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಆಮೇಲೆ ಅದನ್ನು ಅಂಕಿಗೆ ಇಳಿಸಬೇಕು. ಅಗ್ಗದ ರಿಸೀವರ್‌ಗಳಲ್ಲಿ ಇದಕ್ಕೆ ಎರಡೇ ಬಿಟ್ ಇರುವುದು ಮಾಮೂಲಿ. ಅಂದರೆ ಏನೇ ಬಂದರೂ ನಾಲ್ಕೇ ಮಟ್ಟದಲ್ಲಿ ಬರೆದುಕೊಳ್ಳುತ್ತದೆ. ಮಾಮೂಲಿ ದಿನಗಳಲ್ಲಿ ಅಷ್ಟು ಸಾಕು. ಇವೆರಡರ ನಡುವೆ ಎಜಿಸಿ, ಅಂದರೆ ಆಟೊಮ್ಯಾಟಿಕ್ ಗೇನ್ ಕಂಟ್ರೋಲ್ ಅನ್ನುವ ಭಾಗ ಇದೆ. ಬಂದ ಸದ್ದು ಜಾಸ್ತಿಯಾದರೆ ತಾನಾಗೇ ವಾಲ್ಯೂಮ್ ಇಳಿಸುತ್ತದೆ. ಜ್ಯಾಮರ್ ಆನ್ ಆದ ತಕ್ಷಣ ಎಜಿಸಿ 'ಅಬ್ಬಾ, ಎಷ್ಟು ಜೋರು' ಅಂತ ವಾಲ್ಯೂಮ್ ಇಳಿಸುತ್ತದೆ. ಜ್ಯಾಮರ್ ಜೊತೆಗೆ ಉಪಗ್ರಹದ ಸಿಗ್ನಲ್ಲೂ ಅಷ್ಟೇ ಇಳಿಯುತ್ತದೆ. ಆ ನಾಲ್ಕು ಮಟ್ಟದಲ್ಲಿ ಈಗ ಬರೆದುಕೊಂಡಿರುವುದೆಲ್ಲ ಜ್ಯಾಮರ್‌ನ ಏರಿಳಿತ ಮಾತ್ರ. ಉಪಗ್ರಹದ ಗುರುತೇ ಅಂಕಿಗಳಲ್ಲಿ ಉಳಿದಿರುವುದಿಲ್ಲ. ಅಂಕಿಯಲ್ಲೇ ಇಲ್ಲದ್ದನ್ನು ಎಷ್ಟು ಬುದ್ಧಿವಂತ ಸಾಫ್ಟ್‌ವೇರ್ ಆದರೂ ಎಲ್ಲಿಂದ ತರುತ್ತದೆ? ಜ್ಯಾಮರ್ ಇನ್ನೂ ಹತ್ತಿರ ಇದ್ದರೆ ಆಂಪ್ಲಿಫೈಯರೇ ಉಸಿರುಕಟ್ಟುತ್ತದೆ.

ಫಿಲ್ಟರ್ ಹಾಕಬಹುದಲ್ಲ ಅನ್ನಬಹುದು. ಜ್ಯಾಮರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಗುತ್ತಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯುವ ಫಿಲ್ಟರ್‌ಗಳಿವೆ, ಕೆಲಸ ಮಾಡುತ್ತವೆ. ಆದರೆ ಆ ಸಾಕೆಟ್ ಜ್ಯಾಮರ್‌ಗಳು ಕಿಲಾಡಿ. ಜಿಪಿಎಸ್ ಫ್ರೀಕ್ವೆನ್ಸಿಯಾದ 1575.42 ಮೆಗಾಹರ್ಟ್ಸ್‌ನ ಆಚೀಚೆ ಹತ್ತಾರು ಮೆಗಾಹರ್ಟ್ಸ್ ಉದ್ದಕ್ಕೂ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಒಂದು ಸುತ್ತು ಓಡಿಬರುತ್ತವೆ. ಹೀಗೆ ಮತ್ತೆ ಮತ್ತೆ. ಇದಕ್ಕೆ ಚರ್ಪ್ ಅಂತಾರೆ. ಫಿಲ್ಟರ್ ಒಂದು ಕಡೆ ಮುಚ್ಚುವುದರೊಳಗೆ ಅದು ಇನ್ನೊಂದು ಕಡೆ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ 'ಇದನ್ನು ಮಾಡಿದವರಿಗೆ ಬುದ್ಧಿ ಇರಲಿಲ್ವಾ' ಅಂತ ಅನಿಸಬಹುದು. ಇತ್ತು. ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ. ಬಾಹ್ಯಾಕಾಶದಲ್ಲಿ ವಿದ್ಯುತ್ ಅಂದರೆ ಸೋಲಾರ್ ಪ್ಯಾನೆಲ್ ಕೊಟ್ಟಷ್ಟು, ಅಷ್ಟೇ. ಇನ್ನು ನಾಗರಿಕರ ಸಿಗ್ನಲ್ ಎಲ್ಲರಿಗೂ ಸಿಗಬೇಕು ಅಂದರೆ ಅದರ ಫ್ರೀಕ್ವೆನ್ಸಿ, ಕೋಡ್ ಎಲ್ಲ ಬಹಿರಂಗವಾಗಿ ಪ್ರಕಟಿಸಲೇಬೇಕು. ಫೋನಿನ ಆಂಟೆನಾ ಆಕಾಶದ ಎಲ್ಲ ಮೂಲೆಯನ್ನೂ ಒಟ್ಟಿಗೆ ನೋಡಬೇಕು. ಸ್ಥಳ ಗೊತ್ತಾಗುವುದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು, ಅವು ಎಲ್ಲಿ ಬೇಕಾದರೂ ಇರಬಹುದು. ಎಲ್ಲ ದಿಕ್ಕಿಗೂ ತೆರೆದಿಟ್ಟ ಕಿವಿಗೆ ಜ್ಯಾಮರ್‌ನ ದಿಕ್ಕು ಬೇರೆ ಅಂತ ಗೊತ್ತಾಗುವುದಿಲ್ಲ. ಜಿಪಿಎಸ್ ಅಗ್ಗವಾಗಿ, ಎಲ್ಲರ ಜೇಬಿಗೂ ಬಂದದ್ದು ಯಾವ ಕಾರಣಗಳಿಂದಲೋ, ಜ್ಯಾಮರ್‌ಗೆ ಅದು ಬಲಿಯಾಗುವುದೂ ಅದೇ ಕಾರಣಗಳಿಂದ.

ಜ್ಯಾಮ್ ಮಾಡುವ ಉದ್ದೇಶವೂ ಬೇಕಿಲ್ಲ. ಇದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಅಲ್ಲಿ ಮಾಸ್ ಲ್ಯಾಂಡಿಂಗ್ ಅಂತ ಒಂದು ಚಿಕ್ಕ ಬಂದರು. ಮೀನುಗಾರರ ದೋಣಿಗಳು, ಸಮುದ್ರ ಸಂಶೋಧಕರ ಹಡಗುಗಳು ನಿಲ್ಲುವ ಜಾಗ. 2001ರಲ್ಲಿ ಆ ಬಂದರಿನ ಉದ್ದಗಲಕ್ಕೂ ಜಿಪಿಎಸ್ ಸತ್ತುಹೋಯಿತು. ಸಮುದ್ರದ ಕಡೆಗೆ ಒಂದು ಕಿಲೋಮೀಟರ್‌ವರೆಗೂ ಇದೇ ಕಥೆ. ದೋಣಿಯವರು ಮೊದಲು ತಮ್ಮ ರಿಸೀವರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಸಹಜ. ಹತ್ತಿರದ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನ ತಜ್ಞರು ಒಂದೇ ದಿಕ್ಕಿಗೆ ಕೇಳುವ ಆಂಟೆನಾ ಹಿಡಿದುಕೊಂಡು ದೋಣಿಗಳ ನಡುವೆ ಬೇಟೆಗೆ ಹೊರಟರು. ಕೊನೆಗೆ ಸಿಕ್ಕಿದ್ದು ಏನು? ಲಂಗರು ಹಾಕಿದ್ದ ದೋಣಿಯೊಂದರ ಮೇಲಿನ ಟಿವಿ ಆಂಟೆನಾ. ದೋಣಿಗಳಿಗೆ ಅಂತಲೇ ಅಂಗಡಿಯಲ್ಲಿ ಸಿಗುವಂಥದ್ದು. ಅದರೊಳಗಿನ ಚಿಕ್ಕ ಆಂಪ್ಲಿಫೈಯರ್ ಸರಿಯಾಗಿ ವಿನ್ಯಾಸ ಆಗಿರದೆ ತಾನೇ ತಾನಾಗಿ ಕಂಪಿಸುತ್ತಿತ್ತು, ಅದೂ ಜಿಪಿಎಸ್ ಫ್ರೀಕ್ವೆನ್ಸಿಯ ಆಸುಪಾಸಿನಲ್ಲೇ. ಅದಕ್ಕೆ ಕರೆಂಟ್ ಇದ್ದರೆ ಸಾಕಿತ್ತು. ಅದನ್ನು ಆಫ್ ಮಾಡಿಸಿದರೂ ಸಮಸ್ಯೆ ಪೂರ್ತಿ ಹೋಗಲಿಲ್ಲ. ಯಾಕೆಂದರೆ ಅಂಥವೇ ಇನ್ನೂ ಇದ್ದವು! ಒಟ್ಟು ಮೂರು ಸಿಕ್ಕವು. ಟಿವಿ ನೋಡುವುದಕ್ಕೆ ಇಟ್ಟುಕೊಂಡ ಆಂಟೆನಾ ಒಂದು ಇಡೀ ಬಂದರನ್ನು ಕುರುಡು ಮಾಡಬಲ್ಲದು ಅಂದರೆ, ಬೇಕಂತಲೇ ಮಾಡುವವರ ಕೆಲಸ ಎಷ್ಟು ಸುಲಭ, ಯೋಚಿಸಿ.

ಬೇಕಂತಲೇ ಮಾಡಿದವರಲ್ಲೂ ಎಲ್ಲರೂ ಶತ್ರುಗಳೇನಲ್ಲ. ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸುವುದಕ್ಕೆ ನೆರವಾಗುವ ಜಿಪಿಎಸ್ ವ್ಯವಸ್ಥೆಗೆ ತೊಂದರೆ ಆಗುತ್ತಿತ್ತು. 2012ರಲ್ಲಿ ಹುಡುಕಿದರೆ ಸಿಕ್ಕಿದ್ದು ಒಂದು ಪಿಕಪ್ ವಾಹನದ ಚಾಲಕ. ತಾನು ಎಲ್ಲಿದ್ದೇನೆ ಅಂತ ಮಾಲೀಕರಿಗೆ ಗೊತ್ತಾಗಬಾರದು ಅಂತ ಜ್ಯಾಮರ್ ಇಟ್ಟುಕೊಂಡಿದ್ದ. ಮರುವರ್ಷ ಅವನಿಗೆ 31,875 ಡಾಲರ್ ದಂಡ ಬಿತ್ತು. ಫ್ರಾನ್ಸಿನ ನಾಂತ್ ವಿಮಾನ ನಿಲ್ದಾಣದಲ್ಲೂ 2017ರಲ್ಲಿ ಹೀಗೇ ಆಯಿತು. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಕಾರಿನಲ್ಲಿ ಜ್ಯಾಮರ್ ಆನ್ ಇರುವಂತೆಯೇ ಮರೆತು ಹೋಗಿದ್ದ ಪುಣ್ಯಾತ್ಮ.

ಸಿಗ್ನಲ್ ಪೂರ್ತಿ ಹೋದರೆ ಒಂದು ರೀತಿಯಲ್ಲಿ ಒಳ್ಳೆಯದು. 'ಜಿಪಿಎಸ್ ಇಲ್ಲ' ಅಂತಾದರೂ ಗೊತ್ತಾಗುತ್ತದೆ. ಅರ್ಧಂಬರ್ಧ ಜ್ಯಾಮ್ ಆದಾಗ ರಿಸೀವರ್ ಸುಳ್ಳು ಹೇಳುತ್ತದೆ. 2008ರಲ್ಲಿ ಬ್ರಿಟನ್ನಿನ ದೀಪಸ್ತಂಭ ಸಂಸ್ಥೆಗಳು ಇದನ್ನು ಪರೀಕ್ಷೆ ಮಾಡಿ ನೋಡಿದವು. ಯಾರ್ಕ್‌ಶೈರ್ ಕರಾವಳಿಯ ಫ್ಲಾಂಬರೋ ಹೆಡ್‌ನಲ್ಲಿ ಸುಮಾರು ಒಂದೂವರೆ ವ್ಯಾಟ್‌ನ ಜ್ಯಾಮರ್ ಇಟ್ಟು, ಪೋಲ್ ಸ್ಟಾರ್ ಅನ್ನುವ ಹಡಗನ್ನು ಅದರ ಮುಂದೆ ಓಡಾಡಿಸಿದರು. ಜ್ಯಾಮರ್‌ನ ಅಂಚಿಗೆ ಬಂದಾಗ ಹಡಗು ನೆಲದ ಮೇಲೆ ಹೋಗುತ್ತಿದೆ ಅಂತ ರಿಸೀವರ್ ತೋರಿಸಿತು. ಯಾವ ಹಡಗೂ ಹೋಗಲಾರದ ವೇಗ ಬೇರೆ. ಒಳಗೆ ಹೋದಂತೆ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಒಂದರ ಹಿಂದೆ ಒಂದು ಅಲಾರಂ. ಅಕ್ಕಪಕ್ಕದ ಹಡಗುಗಳಿಗೆ ತನ್ನ ಸ್ಥಳ ಹೇಳುವ ಎಐಎಸ್, ಗೈರೋ ದಿಕ್ಸೂಚಿಯ ತಿದ್ದುಪಡಿ, ತುರ್ತು ಕರೆಯ ರೇಡಿಯೋ ಎಲ್ಲವೂ ಒಳಗಿಂದೊಳಗೆ ಜಿಪಿಎಸ್ ಮೇಲೇ ನಿಂತಿದ್ದವು. ಪರೀಕ್ಷೆ ಅಂತ ಮೊದಲೇ ಗೊತ್ತಿದ್ದ ಸಿಬ್ಬಂದಿ ಅದು. ಗೊತ್ತಿಲ್ಲದವರು, ರಾತ್ರಿ ಹೊತ್ತು, ಮಂಜಿನಲ್ಲಿ ಸಿಕ್ಕಿಹಾಕಿಕೊಂಡರೆ?

ಬೇಕಂತಲೇ ಸುಳ್ಳು ಸ್ಥಳ ನಂಬಿಸುವುದಕ್ಕೆ ಸ್ಪೂಫಿಂಗ್ ಅಂತಾರೆ. ಉಪಗ್ರಹದ್ದೇ ಥರದ ನಕಲಿ ಸಿಗ್ನಲ್ ಕಳಿಸುವುದು. ಅದು ಇನ್ನೊಂದು ಭಾಷಣದ ವಿಷಯ, ಆದರೆ ನಮ್ಮ ದೇಶದ ಸುದ್ದಿ ಹೇಳುವಾಗ ಎರಡೂ ಒಟ್ಟಿಗೆ ಬರುತ್ತವೆ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಪ್ರದೇಶದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, ವಿಮಾನಗಳಿಗೆ 465 ಸಲ ಇಂಥ ತೊಂದರೆ ಆಗಿದೆ ಅಂತ ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ಡಿಸೆಂಬರ್‌ನಲ್ಲಿ ವಿಮಾನಯಾನ ಸಚಿವ ರಾಮಮೋಹನ ನಾಯ್ಡು ರಾಜ್ಯಸಭೆಯಲ್ಲಿ ಕೊಟ್ಟ ಉತ್ತರದಲ್ಲಿ ದೆಹಲಿ, ಮುಂಬೈ, ಕೋಲ್ಕತಾ, ಹೈದರಾಬಾದ್, ಚೆನ್ನೈ ಜೊತೆಗೆ ನಮ್ಮ ಬೆಂಗಳೂರಿನ ಹೆಸರೂ ಇತ್ತು. ದೆಹಲಿಯಲ್ಲಿ ಜಿಪಿಎಸ್ ನಂಬಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ತೊಂದರೆ ಆದಾಗ ಉಳಿದ ರನ್‌ವೇಗಳಲ್ಲಿ ನೆಲದ ಮೇಲಿನ ಹಳೆಯ ರೇಡಿಯೋ ಉಪಕರಣಗಳ ಸಹಾಯದಿಂದ ಕೆಲಸ ಮಾಮೂಲಿಯಾಗಿ ನಡೆಯಿತು. ಹಳೆಯದು ಅಂತ ಕಿತ್ತುಹಾಕದೆ ಇಟ್ಟುಕೊಂಡದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಟಾರ್ಟುವಿನಲ್ಲಿ ಇಲ್ಲದೇ ಹೋದದ್ದು ಇದೇ.

ಹಾಸನದಲ್ಲಿ ಈ ಪ್ರಶ್ನೆ ಬರದೆ ಇರುತ್ತದೆಯೇ? ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: "ನಮ್ಮದೇ ನಾವಿಕ್ ಇದೆಯಲ್ರೀ. ಅದನ್ನೇ ಬಳಸಿದರೆ ಮುಗೀತಲ್ವಾ?"

ನಾವಿಕ್ ಅಂದರೆ ಜಿಪಿಎಸ್ ಥರದ್ದೇ ಭಾರತದ ಸ್ವಂತ ವ್ಯವಸ್ಥೆ. ಅದರ ಬಗ್ಗೆ ನನಗೂ ಅಭಿಮಾನ ಇದೆ. ಇದೇ ಊರಿನ ಎಂಸಿಎಫ್‌ನಿಂದ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ, ಅದರ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ, ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ ಅದರ ನ್ಯಾವಿಗೇಶನ್ ಕೇಂದ್ರ ಇದೆ. ಬೇರೆ ದೇಶ ತನ್ನ ಸೇವೆ ನಿಲ್ಲಿಸಿದರೆ ನಮಗೊಂದು ಆಸರೆ ಇರಲಿ ಅನ್ನುವುದಕ್ಕೆ ಅದು ಉತ್ತರ. ಜ್ಯಾಮಿಂಗ್‌ಗೆ ಅಲ್ಲ. ನಾವಿಕ್ ಉಪಗ್ರಹಗಳು ಇನ್ನೂ ದೂರ, ಸುಮಾರು 36,000 ಕಿಲೋಮೀಟರ್ ಮೇಲಿವೆ. ನೆಲ ಮುಟ್ಟುವ ಹೊತ್ತಿಗೆ ಅದರ ಸಿಗ್ನಲ್ಲೂ ಹೆಚ್ಚುಕಮ್ಮಿ ಇಷ್ಟೇ ಬಡಪಾಯಿ. ಒಂದು ಅನುಕೂಲ ಇದೆ. ಅದು ಎಲ್5 ಅನ್ನುವ ಫ್ರೀಕ್ವೆನ್ಸಿ ಬ್ಯಾಂಡ್ ಅಲ್ಲದೆ ಎಸ್ ಬ್ಯಾಂಡ್‌ನಲ್ಲೂ ಸಿಗ್ನಲ್ ಕಳಿಸುತ್ತದೆ, 2492 ಮೆಗಾಹರ್ಟ್ಸ್‌ನಲ್ಲಿ. ಜಿಪಿಎಸ್ ಮಾತ್ರ ಕೆಡಿಸುವ ಅಗ್ಗದ ಜ್ಯಾಮರ್ ಅಲ್ಲಿಗೆ ಮುಟ್ಟುವುದಿಲ್ಲ. ಎರಡೂ ಬ್ಯಾಂಡ್ ಕೇಳುವ ರಿಸೀವರ್ ಇದ್ದರೆ ಒಂದು ಹೋದಾಗ ಇನ್ನೊಂದು ಉಳಿಯಬಹುದು. ಎಲ್ಲ ಬ್ಯಾಂಡ್ ಮುಚ್ಚುವ ಜ್ಯಾಮರ್ ತಂದರೆ ಅದೂ ಇಲ್ಲ. ಹಾಗೇ ನಮ್ಮ ಕಷ್ಟಗಳೂ ಇವೆ. ಮೊದಲ ಉಪಗ್ರಹದ ಆಮದು ಮಾಡಿದ ಪರಮಾಣು ಗಡಿಯಾರಗಳು ಮೂರೂ ಕೆಟ್ಟವು. 2023ರಲ್ಲಿ ಹಾರಿಸಿದ ಎನ್‌ವಿಎಸ್-01 ಅನ್ನುವ ನಾವಿಕ್ ಉಪಗ್ರಹದಲ್ಲಿ ನಮ್ಮದೇ ರುಬಿಡಿಯಂ ಪರಮಾಣು ಗಡಿಯಾರ ಇಟ್ಟು ಕಳಿಸಿದರು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆಗೆ ಏರಲೇ ಇಲ್ಲ.

ಪರಿಹಾರ ಅಂದರೆ, ಸೈನ್ಯದವರು ಹಣ ಸುರಿದು ಒಂದು ದಾರಿ ಕಂಡುಕೊಂಡಿದ್ದಾರೆ. ಒಂದು ಆಂಟೆನಾ ಬದಲು ಏಳು ಚಿಕ್ಕ ಆಂಟೆನಾಗಳನ್ನು ಜೋಡಿಸುತ್ತಾರೆ. ಪ್ರತಿಯೊಂದಕ್ಕೂ ಸದ್ದು ಒಂದಿಷ್ಟು ಹಿಂದೆ ಮುಂದೆ ತಲುಪುತ್ತದೆ. ಆ ವ್ಯತ್ಯಾಸದಿಂದ ಜ್ಯಾಮರ್ ಯಾವ ದಿಕ್ಕಿನಲ್ಲಿದೆ ಅಂತ ತಿಳಿದು, ಆ ದಿಕ್ಕಿಗೆ ಮಾತ್ರ ಕಿವುಡಾಗುತ್ತದೆ. ಏಳು ಇದ್ದರೆ ಆರು ಜ್ಯಾಮರ್‌ಗಳನ್ನು ಹೀಗೆ ಮುಚ್ಚಬಹುದು. ಎಜಿಸಿಗೆ ಮುಂಚೆಯೇ ಕೆಲಸ ಮುಗಿಯುವಂತೆ ಮಾಡಿದರೆ ಬಹಳ ಚೆನ್ನಾಗಿ ನಡೆಯುತ್ತದೆ. ಆದರೆ ಫೋನಿನೊಳಗೆ ಇದಕ್ಕೆ ಜಾಗ ಇಲ್ಲ. ಜಿಪಿಎಸ್ ಥರದ್ದೇ ಯುರೋಪಿನ ವ್ಯವಸ್ಥೆ ಗೆಲಿಲಿಯೋ ತನ್ನ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕುವುದನ್ನು 2025ರಲ್ಲಿ ಅಧಿಕೃತವಾಗಿ ಶುರು ಮಾಡಿತು. ನಕಲಿ ಹಿಡಿಯುವುದಕ್ಕೆ ಅದು ಒಳ್ಳೆಯದು. ಕಿವಿಗೇ ಬೀಳದ ಮಾತಿಗೆ ಸಹಿ ಇದ್ದರೇನು, ಇಲ್ಲದಿದ್ದರೇನು? ಉತ್ತರ ಕೊರಿಯಾದ ಕಾಟ ತಿಂದ ದಕ್ಷಿಣ ಕೊರಿಯಾದವರು ಬೇರೆ ಕಡೆಯಿಂದ ಬಂದರು. 2012ರ ಏಪ್ರಿಲ್-ಮೇನಲ್ಲಿ ಅವರ ಸಾವಿರಕ್ಕೂ ಹೆಚ್ಚು ವಿಮಾನಗಳಿಗೆ ತೊಂದರೆ ಆಗಿತ್ತು. ಆಮೇಲೆ ಅವರು ನೆಲದ ಮೇಲಿನ ದೊಡ್ಡ ಗೋಪುರಗಳಿಂದ ಸಿಗ್ನಲ್ ಕಳಿಸುವ ಇಲೋರಾನ್ ಅನ್ನುವ ವ್ಯವಸ್ಥೆ ಕಟ್ಟುವುದಕ್ಕೆ ಹೊರಟರು. ಅದು 100 ಕಿಲೋಹರ್ಟ್ಸ್, ಬಹಳ ಜೋರು. ಅದನ್ನು ಜ್ಯಾಮ್ ಮಾಡಬೇಕು ಅಂದರೆ ಜೇಬಿನಲ್ಲಿ ಇಟ್ಟುಕೊಳ್ಳುವ ಯಂತ್ರ ಸಾಲದು, ಅಷ್ಟೇ ದೊಡ್ಡ ಗೋಪುರ ಬೇಕು.

ಕೊನೆಯ ಪ್ರಶ್ನೆ ಲಾರಿ ಇಟ್ಟುಕೊಂಡಿರುವವರೊಬ್ಬರದು. "ಡ್ರೈವರ್‌ಗಳು ಟ್ರ್ಯಾಕರ್ ಕಣ್ಣಿಗೆ ಮಣ್ಣೆರಚೋಕೆ ಇಂಥದ್ದು ತಂದಿಟ್ಟುಕೊಂಡರೆ ನಮಗೆ ಗೊತ್ತಾಗುತ್ತಾ ಸಾರ್?"

ಗೊತ್ತಾಗುತ್ತದೆ. ಮೊದಲನೆಯದಾಗಿ, ಜಿಪಿಎಸ್ ಬ್ಲಾಕರ್, ಅಂದರೆ ಇದೇ ಜ್ಯಾಮರ್, ಬಳಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಸರ್ಕಾರದ ಅನುಮತಿ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಇನ್ನು ತಂತ್ರದ ಮಾತು. ಟ್ರ್ಯಾಕರ್ ಸ್ಥಳ ತಿಳಿಯುವುದು ಜಿಪಿಎಸ್‌ನಿಂದ, ಆದರೆ ನಿಮಗೆ ಸುದ್ದಿ ಮುಟ್ಟಿಸುವುದು ಅದರೊಳಗಿನ ಸಿಮ್‌ನಿಂದ. ಬ್ಲಾಕರ್ ಜಿಪಿಎಸ್ ಮಾತ್ರ ಮುಚ್ಚಿದರೆ ಟ್ರ್ಯಾಕರ್ ಸುಮ್ಮನಾಗುವುದಿಲ್ಲ. 'ಉಪಗ್ರಹ ಸೊನ್ನೆ' ಅಂತ ವರದಿ ಕಳಿಸುತ್ತಲೇ ಇರುತ್ತದೆ. ಸುರಂಗದಲ್ಲಿ ಸೊನ್ನೆ ಬಂದರೆ ಸರಿ. ತುಮಕೂರು ರಸ್ತೆಯ ಬಟಾಬಯಲಲ್ಲಿ ಅರ್ಧ ಗಂಟೆ ಸೊನ್ನೆ ಬಂದರೆ, ಅದೇ ಹೊತ್ತಿಗೆ ಸಿಮ್ ಒಂದು ಟವರಿನಿಂದ ಇನ್ನೊಂದು ಟವರಿಗೆ ಜಿಗಿಯುತ್ತಿದ್ದರೆ, ಲಾರಿ ಓಡುತ್ತಿದೆ, ಬ್ಲಾಕರ್ ಆನ್ ಇದೆ ಅಂತಲೇ ಅನುಮಾನಿಸಬಹುದು. ಯಾವ ರಸ್ತೆಯಲ್ಲಿ ಓಡುತ್ತಿದೆ ಅಂತ ಆ ಟವರುಗಳ ಪಟ್ಟಿ ನೋಡಿದರೆ ಹೆಚ್ಚುಕಮ್ಮಿ ಸಿಗುತ್ತದೆ.